ಗುಡ್ಡದ ಮೇಲಕ್ಕೆ ಬಂದ ಬಸ್ಸು

ನಮ್ಮ ಬಿಲ್ಡಿಂಗ್ ಇರುವುದು ಮುಂಬಯಿಯ ಭಾಂಡುಪಿನ ಗುಡ್ಡದ ಮೇಲೆ. ನಾನು ಕೆಲಸ ಮಾಡುವ ಕಾಲೇಜು ಲೈಬ್ರರಿ ಪವಾಯಿಯಲ್ಲಿದೆ. ಟೆರೇಸಿನಲ್ಲಿ ನಿಂತರೆ ಅಲ್ಲಿನ ಎತ್ತರದ ಕಟ್ಟಡಗಳು ಪಕ್ಕದ ಓಣಿಯಲ್ಲಿವೆಯೇನೋ ಅನ್ನುವಷ್ಟು ಹತ್ತಿರ ಕಾಣುತ್ತವೆ. ಹೋಗಲಿಕ್ಕೆ ಮಾತ್ರ ಒಂದು ಗಂಟೆಯ ಮೇಲೆ ಬೇಕಾಗುತ್ತಿತ್ತು. ಲೋಕಲ್ ಟ್ರೇನು ಪವಾಯಿಗೆ ಹೋಗುವುದಿಲ್ಲ. ಸ್ಟೇಷನ್ನಿನಿಂದ ಹೊರಡುವ ಬಸ್ಸೊಂದೇ ಗತಿ. ಅದನ್ನು ಹಿಡಿಯಲು ಇಪ್ಪತ್ತು ನಿಮಿಷ ಗುಡ್ಡ ಇಳಿದು ಮುಖ್ಯರಸ್ತೆಗೆ ಬರಬೇಕಿತ್ತು.

ಒಂದು ಮಳೆಗಾಲದಲ್ಲಿ ಆ ಇಳಿಜಾರಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಾಗ ಸಿಟ್ಟು ಮಾಡಿಕೊಳ್ಳುವುದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಕೆಳಗಿನ ಮಹಡಿಯವರು ನೋಡಲು ಬಂದರು. ಉಡುಪಿ ಕಡೆಯವರು, ಪವಾಯಿಯ ಐಟಿ ಆಫೀಸೊಂದರ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದವರು. ಅವರೂ ಅದೇ ಬಸ್ಸಿನವರೇ.

“ಎಂತ ಅಕ್ಕ, ಇಷ್ಟು ವರ್ಷ ಆಯ್ತು, ಆ ಬಸ್ಸನ್ನು ಮೇಲೆ ತನಕ ತರ್ಲಿಕ್ಕೆ ಒಬ್ಬರೂ ಕೇಳಲೇ ಇಲ್ಲವಲ್ಲ?” ಎಂದರು.

“ನಾವಽ ಕೇಳೂಣ್ರಿ ಅಣ್ಣಾರ,” ಎಂದೆ ನಾನು. ವಿಜಯಪುರ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಸಿಟ್ಟು ಬಂದಾಗ ನನ್ನ ಮಾತು ಅಲ್ಲಿಯದೇ.

ಹೀಗೆ ಶುರುವಾಯಿತು. ಬಸ್ ಡಿಪೋಗೆ ಕೊಡಬೇಕಾದ ಅರ್ಜಿಯನ್ನು ನಾನು ಹೇಳುತ್ತ ಹೋದೆ, ಮಗಳು ಟೈಪ್ ಮಾಡಿದಳು. ಬಸ್ಸು ಸ್ಟೇಷನ್ನಿನ ಬದಲು ಗುಡ್ಡದ ಕಾಲನಿಯಿಂದ ಹೊರಡಲಿ, ದಾರಿಯಲ್ಲಿ ಸ್ಟೇಷನ್ ಮುಟ್ಟಿ ಪವಾಯಿಗೆ ಹೋಗಲಿ ಎಂಬುದು ನಮ್ಮ ಕೋರಿಕೆ. ಕೊನೆಗೆ ನಾನೇ ಒಂದು ಸಾಲು ಸೇರಿಸಿದೆ: ಈಗಿನ ಪ್ರಯಾಣಕ್ಕೆ ಹಿಡಿಯುವ ಸಮಯವನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು.

“ಅಮ್ಮಾ, ಯೇ ಲೈನ್ ಅಚ್ಛಾ ಹೈ. ಸ್ಟ್ರಾಂಗ್ ಇದೆ,” ಎಂದಳು ಮಗಳು.

ಪ್ಲಾಸ್ಟರ್ ತೆಗೆಸಿದ ಮೇಲೆ ಸಹಿ ಹಾಕಿಸಲು ಬಸ್ಸಿನಲ್ಲೇ ತಿರುಗಿದೆ. ಮುಂಬಯಿಯ ಬಸ್ಸಿನಲ್ಲಿ ಅಪರಿಚಿತರಿಂದ ಸಹಿ ಕೇಳುವುದು ಸುಲಭವಲ್ಲ. ಏನೋ ಮಾರಲು ಬಂದಿದ್ದಾಳೆ ಎಂದು ಮುಖ ತಿರುಗಿಸುತ್ತಾರೆ. ನನ್ನ ಕೈಯಿಂದ ಕಾಗದ ತೆಗೆದುಕೊಂಡವಳು ಫ್ಯಾಕ್ಟರಿ ಗಲ್ಲಿಯ ಸ್ಟಾಪಿನಲ್ಲಿ ಹತ್ತುತ್ತಿದ್ದ ಒಬ್ಬ ಹೆಂಗಸು. ಮುಚ್ಚಿದ ಕಾರ್ಖಾನೆಯ ಹಿಂದಿನ ಚಾಳಿನಲ್ಲಿ ಅವಳ ಮನೆ. ಪವಾಯಿಯ ಫ್ಲ್ಯಾಟುಗಳಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಳು. ವಿಜಯಪುರದ ಗಡಿಯಾಚೆಯ ಜತ್ ಕಡೆಯವಳಾದ್ದರಿಂದ ನಮ್ಮಿಬ್ಬರಿಗೂ ಕನ್ನಡದಲ್ಲೇ ಮಾತು.

“ಕೊಡ್ರಿ ಅಕ್ಕಾ ಇಲ್ಲೆ. ನೀವು ಕೇಳೂ ರೀತಿ ನೋಡಿದ್ರ ಯಾರೂ ಕೊಡಂಗಿಲ್ಲ,” ಎಂದಳು.

ಒಂದೇ ವಾರದಲ್ಲಿ ಐದು ಹಾಳೆ ತುಂಬಿಸಿ ಕೊಟ್ಟಳು. ಅವಳ ಗಲ್ಲಿಯ ಹೆಂಗಸರೆಲ್ಲ ಸಹಿ ಹಾಕಿದ್ದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದ್ದರು. ಗುಡ್ಡದ ಮೇಲಿನ ಬಸ್ಸಿನಿಂದ ಅವರಿಗೆ ಲಾಭವೇನೂ ಇರಲಿಲ್ಲ. ಅದನ್ನು ಕೇಳಿದಾಗ ಅವಳು ನಕ್ಕು, “ನಮ್ಮ ಗಲ್ಲಿಗಿ ಬರತೈತಲ್ರಿ, ನಿಮಗೂ ಬರ್ಲಿ,” ಎಂದಳು.

ಡಿಪೋದ ಸಾಹೇಬರು ಅರ್ಜಿ ಓದಿ, ಗುಡ್ಡದ ರಸ್ತೆ ಬಸ್ಸಿಗೆ ಸಾಕಾಗುವಷ್ಟು ಅಗಲವಿಲ್ಲ ಎಂದರು. ನಾನೂ ಕ್ಯಾಂಟೀನಿನವರೂ ಒಂದು ಭಾನುವಾರ ದರ್ಜಿಯ ಟೇಪು ಹಿಡಿದು ರಸ್ತೆ ಅಳೆದೆವು. ಅಗಲ ಬೇಕಾದಷ್ಟಿತ್ತು. ಎರಡೂ ಬದಿಗೆ ನಿಲ್ಲಿಸಿದ ಕಾರುಗಳು ಅದನ್ನು ನುಂಗಿದ್ದವು. ಎರಡನೆಯ ಸಲ ಹೋದಾಗ ಮೇಲೆ ಬಸ್ಸು ತಿರುಗಿಸಲು ಜಾಗವೆಲ್ಲಿ ಎಂದರು. ನೀರಿನ ಟಾಂಕಿಯ ಪಕ್ಕದ ಜಾಗ ತೋರಿಸಿದೆವು. ಮೂರನೆಯ ಸಲ ಸಾಹೇಬರು ಊಟಕ್ಕೆ ಹೋಗಿದ್ದರು, ನಾಲ್ಕನೆಯ ಸಲ ರಜೆಯಲ್ಲಿದ್ದರು. ಪ್ರತಿ ಸಲವೂ ನಾನು ಅರ್ಧ ದಿನ ರಜೆ ಹಾಕಿ ಹೋಗುತ್ತಿದ್ದೆ.

ಕೊನೆಗೆ ಒಂದು ದಿನ ಪರೀಕ್ಷೆಗೆಂದು ಖಾಲಿ ಬಸ್ಸು ಬಂತು. ಕಾರುಗಳನ್ನು ತೆಗೆಸಲು ಹಿಂದಿನ ದಿನ ಮನೆಮನೆಗೆ ಹೋಗಿ ಹೇಳಿದ್ದೆವು. ಆದರೂ ಸರಿಯಾಗಿ ತಿರುವಿನಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಅದರ ಒಡೆಯರು ಸ್ನಾನಕ್ಕೆ ಹೋಗಿದ್ದರು. ಡ್ರೈವರ್ ಎಂಜಿನ್ ಆರಿಸಿ ಕೈಕಟ್ಟಿ ಕೂತ. ಕ್ಯಾಂಟೀನಿನವರು ನಾಲ್ಕನೆಯ ಮಹಡಿಗೆ ಹತ್ತಿ, ಬಚ್ಚಲಿನ ಬಾಗಿಲು ಬಡಿದು ಬೀಗದ ಕೈ ಇಸಿದುಕೊಂಡು ಬಂದು, ತಾವೇ ಕಾರು ಹಿಂದೆ ತೆಗೆದರು. ಬಸ್ಸು ಟಾಂಕಿಯ ಬಳಿ ಒಂದೇ ಸುತ್ತಿಗೆ ತಿರುಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಹೊಸ ಮಾರ್ಗ ಶುರುವಾದ ದಿನ ಬಸ್ಸಿಗೆ ಹಾರ ಹಾಕಿ ತೆಂಗಿನಕಾಯಿ ಒಡೆದರು. ನನಗೆ ಕಿಟಕಿಯ ಸೀಟು ಸಿಕ್ಕಿತು. ಗುಡ್ಡ ಇಳಿದು, ಸ್ಟೇಷನ್ ದಾಟಿ, ಮುಖ್ಯರಸ್ತೆಗೆ ಬಂದೆವು. ಫ್ಯಾಕ್ಟರಿ ಗಲ್ಲಿಗೆ ಎಡಕ್ಕೆ ತಿರುಗಬೇಕಾದಲ್ಲಿ ಬಸ್ಸು ತಿರುಗಲಿಲ್ಲ, ನೇರ ಹೋಯಿತು. ಡ್ರೈವರ್ ಮರೆತನೆಂದುಕೊಂಡು ಕಂಡಕ್ಟರನ್ನು ಕೇಳಿದೆ.

“ವೋ ಗಲ್ಲಿ ಬಂದ್ ಹೈ ಮೇಡಂ. ನಯಾ ರೂಟ್ ಹೈ ನ,” ಎಂದ ಅವನು, ಟಿಕೆಟ್ ಕೊಡುತ್ತಲೇ.

ಗಲ್ಲಿಯ ಮೂರೂ ಸ್ಟಾಪುಗಳನ್ನು ತೆಗೆದುಹಾಕಿದ್ದರು. ಅಂದು ಲೈಬ್ರರಿಗೆ ಅರ್ಧ ಗಂಟೆ ಮೊದಲೇ ತಲುಪಿದೆ. ಬೀಗ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲರ ಮೇಲೂ ಸಿಟ್ಟಾದೆ.

ಮರುದಿನವೇ ಡಿಪೋಗೆ ಹೋದೆ. ಸಾಹೇಬರು ಫೈಲು ತರಿಸಿದರು, ನಮ್ಮ ಅರ್ಜಿಯನ್ನು ನನ್ನ ಮುಂದಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಮರಾಠಿಯಲ್ಲಿ, ಸಮಾಧಾನವಾಗಿಯೇ ಹೇಳಿದರು: ಸಮಯ ಕಡಿಮೆ ಮಾಡಿ ಎಂದು ಬರೆದವರು ನೀವೇ. ಗುಡ್ಡ ಸೇರಿಸಿದರೆ ದಾರಿ ಉದ್ದವಾಗುತ್ತದೆ. ಎಲ್ಲಾದರೂ ಕಡಿತ ಮಾಡಲೇಬೇಕಲ್ಲ? ಇದಕ್ಕೆ ಗಲ್ಲಿಯವರ ಸಹಿಯೂ ಇದೆ, ನೋಡಿ.

ಹೆಬ್ಬೆಟ್ಟಿನ ಗುರುತುಗಳಿದ್ದ ಹಾಳೆಯನ್ನು ತಿರುವಿ ತೋರಿಸಿದರು.

ಒಂದು ವಾರದ ನಂತರ, ಸಹಿ ಹಾಕಿಸಿಕೊಟ್ಟ ಗಲ್ಲಿಯ ಆ ಹೆಂಗಸು ಸ್ಟೇಷನ್ನಿನ ಹತ್ತಿರ ಸಿಕ್ಕಳು. ಗಲ್ಲಿಯ ಬಾಯಲ್ಲೂ ಬಸ್ಸು ನಿಲ್ಲದ್ದರಿಂದ ಅಲ್ಲಿಯವರೆಗೆ ನಡೆದು ಬಂದಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

“ಅಕ್ಕಾ, ಕಾಗದದಾಗ ನಮ್ಮ ಸ್ಟಾಪ್ ತಗೀರಿ ಅಂತ ಇತ್ತೇನು?”

“ಇಲ್ಲವ್ವಾ. ಹಂಗ ಬರದಿದ್ದಿಲ್ಲ.”

“ಮತ್ತ ಏನ್ ಬರದಿದ್ರಿ?”

ಜಲ್ದಿ ಹೋಗಬೇಕು ಅಂತ ಬರೆದಿದ್ದೆ ಎಂದೆ.

“ಮೊದಲನೇ ಮನಿಯವರು ಏಳಕ್ಕ ಡಬ್ಬಿ ಕೇಳ್ತಾರ,” ಎಂದಳು. “ಮೂರು ದಿನ ತಡ ಆತು. ನಾಲ್ಕನೇ ದಿನ ಬ್ಯಾರೆಯಾಕಿ ಬಂದಿದ್ಲು.”

ಆ ರಾತ್ರಿಯೇ ಎರಡನೆಯ ಅರ್ಜಿ ಬರೆದೆ. ಬಸ್ಸು ಗಲ್ಲಿಯೊಳಗೆ ಹೋಗಿ ಬರಲಿ, ಹತ್ತು ನಿಮಿಷ ಹೆಚ್ಚಾದರೂ ಸರಿ. ಬಿಲ್ಡಿಂಗಿನಲ್ಲಿ ಮನೆಮನೆಗೆ ಹೋದೆ. ಹಿಂದೆ ನನ್ನನ್ನು ಕೂರಿಸಿ ಚಹಾ ಕೊಟ್ಟವರು ಈಗ ಬಾಗಿಲಲ್ಲೇ ಮಾತಾಡಿದರು. ಈಗಷ್ಟೇ ಬಂದಿದೆ, ಮತ್ತೆ ಕೆದಕಿದರೆ ಇರುವುದನ್ನೂ ತೆಗೆದುಬಿಡುತ್ತಾರೆ ಎಂದರು. ಕ್ಯಾಂಟೀನಿನವರು ಖಂಡಿತ ಸಹಿ ಹಾಕುತ್ತಾರೆ ಎಂದು ನಂಬಿ ಅವರ ಮನೆಗೆ ಕೊನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿದರು.

“ಬೇಸರ ಮಾಡ್ಬೇಡಿ ಅಕ್ಕ. ಆರು ಗಂಟೆಗೆ ನಾನು ಇಡ್ಲಿ ಇಡ್ಲೇಬೇಕು. ಈಗ ಸರೀ ಆಗ್ತಾ ಉಂಟು. ಹತ್ತು ನಿಮಿಷ ಅಂದ್ರೆ ನನಗೆ ತುಂಬ ಆಗ್ತದೆ.”

“ಆ ಹೆಂಗಸರ ಸಹಿ ಇಲ್ಲದಿದ್ರ ನಮಗ ಈ ಬಸ್ ಬರ್ತಿತ್ತೇನ್ರಿ ಅಣ್ಣಾರ?”

“ಗೊತ್ತುಂಟು ಅಕ್ಕ,” ಎಂದು ಕಾಗದವನ್ನು ಮಡಚಿ ನನ್ನ ಕೈಗಿಟ್ಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಆಗಲಿಲ್ಲ. ನಾನೂ ಅವರಂತೆಯೇ ಜಲ್ದಿ ಹೋಗಬೇಕೆಂದು ಬಯಸಿದವಳು.

ಹಳೆಯ ಅರ್ಜಿಯ ಸಹಿಗಳಲ್ಲಿ ಕಾಲು ಭಾಗವೂ ಹೊಸದಕ್ಕೆ ಬೀಳಲಿಲ್ಲ. ಬಿದ್ದವುಗಳಲ್ಲಿ ಹೆಚ್ಚಿನವು ಗಲ್ಲಿಯವು. ಅರ್ಜಿ ಕೊಟ್ಟು ವರ್ಷವಾಗುತ್ತ ಬಂತು. ಆ ಅಡುಗೆ ಕೆಲಸದವಳು ಪವಾಯಿಯ ಮನೆಗಳನ್ನು ಬಿಟ್ಟು, ನಡೆದು ಹೋಗುವಷ್ಟು ದೂರದಲ್ಲಿ ಎರಡು ಮನೆ ಹಿಡಿದಿದ್ದಾಳಂತೆ. ನಾನು ದಿನಾ ಅದೇ ಬಸ್ಸಿನಲ್ಲಿ ಹೋಗುತ್ತೇನೆ. ಸೀಟು ಸಿಗುತ್ತದೆ, ತಡವಾಗುವುದಿಲ್ಲ. ಕಳೆದ ತಿಂಗಳು ಡಿಪೋಗೆ ಹೋದಾಗ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ಫೈಲು ಹುಡುಕಿಸಿದರು, ಸಿಗಲಿಲ್ಲ. ಇನ್ನೊಂದು ಅರ್ಜಿ ಕೊಡಿ ಎಂದರು. ಅಲ್ಲಿಯ ಬೆಂಚಿನ ಮೇಲೆ ಕೂತು, ಅವರದೇ ಹಾಳೆ ಕೇಳಿ ಪಡೆದು, ಬಸ್ಸು ಗಲ್ಲಿಯೊಳಗೆ ಹೋಗಿ ಬರಲಿ ಎಂದು ಕೈಯಲ್ಲೇ ಬರೆದು ಕೊಟ್ಟು ಬಂದೆ.