ಸೀಟಿ ಊದಿದ ಮೇಲೆ

ಎಪ್ಪತ್ತರ ದಶಕದ ಕೊನೆಗೆ ಕಡೂರಿನಲ್ಲಿ ಬಾಕ್ಸಿಂಗ್ ಕಲಿಸುವವರೊಬ್ಬರಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹವಾಲ್ದಾರರು. ಮುಚ್ಚಿಹೋದ ಎಣ್ಣೆ ಮಿಲ್ಲಿನ ಗೋದಾಮನ್ನು ಗುಡಿಸಿ, ಮರಳು, ಹತ್ತಿಬೀಜ ತುಂಬಿದ ಗೋಣಿಚೀಲವನ್ನು ತೊಲೆಗೆ ನೇತುಹಾಕಿ, ಸಂಜೆ ಐದಕ್ಕೆ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಎಂಟು ಜನ ಇದ್ದೆವು. ನನ್ನ ಕೈ ಎಲ್ಲರಿಗಿಂತ ಚುರುಕು. ಜಂಬಕ್ಕೆ ಹೇಳುತ್ತಿಲ್ಲ, ಹವಾಲ್ದಾರರೇ ಆಡುತ್ತಿದ್ದ ಮಾತು.

ಎಮ್ಮೆದೊಡ್ಡಿ ಕಡೆಯಿಂದ ಸೈಕಲ್ ತುಳಿದುಕೊಂಡು ಬರುವವನೊಬ್ಬನಿದ್ದ. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವನು. ಗಿಡ್ಡ, ತೋಳು ಮೋಟು, ಪಾದ ಚಪ್ಪಟೆ. ಹೊಡೆತ ಬರುವುದು ಕಂಡರೂ ತಲೆ ತಪ್ಪಿಸುವಷ್ಟರಲ್ಲಿ ಅದು ಬಿದ್ದಿರುತ್ತಿತ್ತು. ಮೊದಲ ವಾರವೇ ಹವಾಲ್ದಾರರು, “ನಿಂಗೆ ಇದು ಒಗ್ಗಲ್ಲ ಕಣಪ್ಪಾ, ಕಬಡ್ಡಿಗೆ ಹೋಗು,” ಅಂದರು. “ಆಗ್ಲಿ ಸಾರ್,” ಅಂದವನು ಮಾರನೇ ದಿನ ನಮಗಿಂತ ಮೊದಲೇ ಬಂದು ಗೋದಾಮಿನ ಕಸ ಹೊಡೆಯುತ್ತಿದ್ದ.

ಎರಡು ವರ್ಷ ಹಾಗೇ ಬಂದ. ಹೆಜ್ಜೆ ಅಗಲವಾಗದಿರಲೆಂದು ಎರಡೂ ಕಾಲಿಗೆ ಮೊಳದುದ್ದದ ಹಗ್ಗ ಕಟ್ಟಿಕೊಂಡು ಗೋದಾಮಿನ ತುಂಬ ಓಡಾಡುತ್ತಿದ್ದ. ನಾನು ಚೀಲಕ್ಕೆ ಹೊಡೆಯುವಾಗ ಗೋಡೆಗೆ ಒರಗಿ ನನ್ನ ಹೆಗಲನ್ನೇ ನೋಡುತ್ತಿದ್ದ. ಏನು ನೋಡ್ತೀಯೋ ಎಂದರೆ, “ಕೈ ಬರೋಕೆ ಮುಂಚೆ ನಿನ್ನ ಹೆಗಲು ಹೇಳ್ಬಿಡುತ್ತೆ ಕಣೋ,” ಅನ್ನುತ್ತಿದ್ದ. ನಾನು ನಗುತ್ತಿದ್ದೆ.

ತರೀಕೆರೆಯಲ್ಲಿ ಜಿಲ್ಲಾ ಆಯ್ಕೆಗೆ ಒಂದು ತಿಂಗಳಿತ್ತು. ಹವಾಲ್ದಾರರು ಅಭ್ಯಾಸಕ್ಕೆ ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿದರು. ನನ್ನ ಮೂರು ಹೊಡೆತ ಗಾಳಿಗೆ ಹೋದವು. ನಾಲ್ಕನೆಯದಕ್ಕೆ ಅವನು ಒಳನುಗ್ಗಿ ಹೊಟ್ಟೆಗೊಂದು ಕೊಟ್ಟ. ಉಸಿರು ಸಿಗದೆ ಮಂಡಿಯೂರಿದೆ. ಉಳಿದವರೆಲ್ಲ ಗೊಳ್ಳೆಂದು ನಕ್ಕರು. ನಾನು ಎದ್ದು ನಿಲ್ಲುವಷ್ಟರಲ್ಲಿ ಹವಾಲ್ದಾರರ ಸೀಟಿ ಕೇಳಿಸಿತು, ಸುತ್ತು ಮುಗಿದಿತ್ತು. ಅವನು ಕೈ ಇಳಿಸಿ ನೀರಿನ ಕೊಡದ ಕಡೆ ತಿರುಗಿದ. ಮೈಯ ಬಲವನ್ನೆಲ್ಲ ಹಾಕಿ ಅವನ ಎಡ ಕಿವಿಗೆ ಹೊಡೆದೆ.

ಅವನು ಕೂತುಬಿಟ್ಟ. ಕಿವಿಯಿಂದ ರಕ್ತ ಒಂದೆಳೆಯಾಗಿ ಕತ್ತಿಗೆ ಇಳಿಯಿತು.

“ಏನೋ ಇದು?” ಹವಾಲ್ದಾರರು ನನ್ನ ಮೇಲೆ ಕೂಗಿದರು.

“ಸೀಟಿ ಕೇಳಿಸ್ಲಿಲ್ಲ ಸಾರ್,” ಅಂದೆ.

ಅವನು ಟವಲಿನಿಂದ ಕಿವಿ ಒತ್ತಿಕೊಂಡು, “ಏನಾಗಿಲ್ಲ ಬಿಡಿ ಸಾರ್,” ಅಂದ.

ತರೀಕೆರೆಯಲ್ಲಿ ನಾನು ಮೊದಲ ಪಂದ್ಯದಲ್ಲೇ ಸೋತೆ. ಎದುರಿಗಿದ್ದವನು ಅಂಥ ಗಟ್ಟಿಗನೇನಲ್ಲ. ಕೈ ಎತ್ತಿದಾಗೆಲ್ಲ ಆ ಕಿವಿಯೇ ಕಾಣುತ್ತಿತ್ತು. ಎಮ್ಮೆದೊಡ್ಡಿಯವನು ಮೂರು ಪಂದ್ಯ ಗೆದ್ದ. ಎಡಗಡೆಯಿಂದ ಕೂಗಿದರೆ ಅವನು ತಿರುಗುತ್ತಿಲ್ಲ ಎಂಬುದನ್ನು ಅಲ್ಲಿ ಗಮನಿಸಿದವನು ನಾನೊಬ್ಬನೇ ಇರಬೇಕು. ಆಮೇಲೆ ಬೆಂಗಳೂರಿಗೆ ಹೋಗಿ ರಾಜ್ಯಕ್ಕೆ ಎರಡನೆಯವನಾಗಿ ಬಂದ. ಹವಾಲ್ದಾರರು ಆ ಪದಕವನ್ನು ಅಂಗೈಯಲ್ಲಿಟ್ಟುಕೊಂಡು, “ಇವನಿಗೆ ಕಬಡ್ಡಿ ಆಡು ಅಂದಿದ್ದೆನಲ್ಲಪ್ಪಾ ನಾನು,” ಎಂದು ಕಣ್ಣೊರೆಸಿಕೊಂಡರು.

ಆ ಪದಕದಿಂದಾಗಿ ಅವನಿಗೆ ರೈಲ್ವೆ ಕೆಲಸಕ್ಕೆ ಕರೆ ಬಂತು. ಮೈಸೂರಿನಲ್ಲಿ ವೈದ್ಯಕೀಯ ಪರೀಕ್ಷೆ ಮುಗಿಸಿ ವಾಪಸ್ಸು ಬಂದವನು ಕಡೂರು ಸ್ಟೇಷನ್ನಿನ ಹೊರಗೆ ನನಗೆ ಎದುರಾದ.

“ಡಾಕ್ಟ್ರು ಹಿಂದೆ ನಿಂತು ಮೆಲ್ಲಗೆ ಅಂಕಿ ಹೇಳ್ತಾರೆ ಕಣೋ. ಬಲಗಡೇದು ಎಲ್ಲಾ ಹೇಳ್ದೆ. ಎಡಗಡೆ ಅವ್ರು ಹೇಳಿದ್ರೋ ಇಲ್ವೋ, ಅದೇ ಗೊತ್ತಾಗ್ಲಿಲ್ಲ. ಕೆಲ್ಸ ಹೋಯ್ತು,” ಎಂದು ನಕ್ಕ.

ನಾನು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತೇ ಇದ್ದೆ.

ಮರುವರ್ಷ ಅದೇ ಕಿವಿ ಇಟ್ಟುಕೊಂಡು ಅವನು ರಾಜ್ಯಕ್ಕೆ ಮೊದಲನೆಯವನಾದ. ನಾನು ಅಷ್ಟು ಹೊತ್ತಿಗೆ ಗೋದಾಮಿನ ದಾರಿಯನ್ನೇ ಬಿಟ್ಟಿದ್ದೆ. ಸುದ್ದಿ ಪೇಪರಿನ ಮೂಲೆಯಲ್ಲಿ ಒಂದು ಸಾಲು ಬಂದಿತ್ತು.

ಎಂಬತ್ತರ ದಶಕದಲ್ಲಿ ಅಜ್ಜಂಪುರದ ಕಚೇರಿಯೊಂದರಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅವನ ಸೈಕಲ್ ಶಾಪ್ ಇದೆಯೆಂದು ಗೊತ್ತಾದ ದಿನದಿಂದ ಸುತ್ತು ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಕಂಡಕ್ಟರ್ ಸೀಟಿ ಊದಿದರೆ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು. ಮಗಳು ಹುಟ್ಟಿದ ಮೇಲೆ ನನ್ನ ಹೆಂಡತಿ ಮಗುವಿನ ಹಿಂದೆ ಚಪ್ಪಾಳೆ ತಟ್ಟಿ, ಅದು ತಿರುಗುತ್ತದೋ ಎಂದು ಆಟವಾಡಿಸುತ್ತಿದ್ದಳು. ಆ ಹೊತ್ತಿನಲ್ಲಿ ನನಗೆ ಮನೆಯೊಳಗೆ ಕೂರಲಾಗುತ್ತಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅವನ ಶಾಪಿಗೆ ಹೋದೆ. ಚಕ್ರದ ಕಡ್ಡಿ ಬಿಗಿಯುತ್ತಿದ್ದ. ನನ್ನನ್ನು ನೋಡಿ ಸ್ಟೂಲು ತಳ್ಳಿದ. ಅವನ ಬಲಕ್ಕೆ ಕೂತು, “ಅವತ್ತು ನಂಗೆ ಸೀಟಿ ಕೇಳಿಸಿತ್ತು,” ಅಂದೆ.

“ಗೊತ್ತು,” ಅಂದ, ಚಕ್ರ ತಿರುಗಿಸುತ್ತಲೇ. “ಕೇಳಿಸ್ದೆ ಹೊಡೆದಿದ್ರೆ ಮಾರನೇ ದಿನ ನೀನು ನಮ್ಮನೆಗೆ ಬಂದಿರ್ತಿದ್ದೆ. ನೀನು ಬರ್ಲಿಲ್ಲ.”

“ಹವಾಲ್ದಾರ್‌ಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿನ್ನ ಓಡಿಸಿಬಿಡ್ತಿದ್ರು. ನಿನ್ನ ನೋಡ್ಕೊಂಡೇ ಅಲ್ವೇನೋ ನಾನು ಕಲೀತಿದ್ದಿದ್ದು? ಆಮೇಲೆ ನೋಡಿದ್ರೆ ನೀನೇ ಬಿಟ್ಟೆ. ಅಂಥಾ ಕೈ ಇಟ್ಕೊಂಡು ಯಾಕೋ ಬಿಟ್ಟೆ?” ಅವನ ದನಿಯಲ್ಲಿ ಆಗ ಮಾತ್ರ ಸಿಟ್ಟಿತ್ತು.

ಕ್ಷಮಿಸು ಅನ್ನುವುದಕ್ಕೆಂದೇ ಹೋಗಿದ್ದವನು ಅದನ್ನು ಅನ್ನಲೇ ಇಲ್ಲ. ಅಷ್ಟರಲ್ಲಿ ಯಾರೋ ಪಂಕ್ಚರ್ ಎಂದು ಸೈಕಲ್ ತಂದು ನಿಲ್ಲಿಸಿದರು. ಅವನು ಎದ್ದು ಟ್ಯೂಬ್ ಬಿಚ್ಚಿ, ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಹುಡುಕತೊಡಗಿದ. ನಾನು ಅಲ್ಲೇ ಕೂತಿದ್ದೆ. ಅವನು ಹೋಗು ಅಂತಲೂ ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ.