ಕಪಾಟಿನ ಅಂಚು ಕಡಿದ ಇಲಿ

ಗೆಳೆಯರೇ, ಇವತ್ತು ಕೊಳ್ಳೇಗಾಲದ ಪ್ಲೈವುಡ್ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ಅಡುಗೆಮನೆ ಕಪಾಟಿನ ಹೊಸ ಬಾಗಿಲುಗಳ ಅಂಚಿಗೆ ಅಂಟಿಸುವ ಪಟ್ಟಿ ಆರಿಸಬೇಕಿತ್ತು. ಬಣ್ಣ ಹೇಳಲಿ ಅಂತ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ.

"ಹಳೇ ಪಟ್ಟಿ ಯಾಕ್ ಕಿತ್ತೋಯ್ತು ಸಾ?" ಅಂಗಡಿಯವರು ಕೇಳಿದರು.

"ಇಲಿ ಕಾಟ ಕಣ್ರಿ. ಕೆಳಗಿನ ಅಂಚೆಲ್ಲ ಕಡ್ದಾಕವೆ. ತೆಳ್ಳಗಿರೋ ಬಿಳೀದು ಕೊಡಿ, ಚೆಂದಾಗಿರ್ತದೆ," ಅಂದೆ.

ಹೆಂಡತಿ ಸ್ಯಾಂಪಲ್‌ಗಳಿಂದ ತಲೆ ಎತ್ತದೆ ಹೇಳಿದಳು: "ಇಲಿ ಅಲ್ಲ ಕಣ್ರಿ, ನಾನು. ನೆಲದ್ಮೇಲೆ ಕುಂತು ಮುದ್ದೆ ತಿರುವಾಗ ಪಾತ್ರೆ ಜತೆ ನಾನೂ ಜಾರ್ತೀನಿ. ಆ ಬಾಗಿಲಂಚಿಗೆ ಕಾಲ್ ಕೊಟ್ಕಂಡೇ ತಿರುವದು. ದಪ್ಪ ಪಟ್ಟಿನೇ ಆಕ್ಸಿ."

ಆ ಮುದ್ದೆಯನ್ನು ದಿನಾ ತಿನ್ನುವವನು ನಾನು. ಅದು ಹೇಗಾಗುತ್ತದೆ ಎಂದು ಒಮ್ಮೆಯೂ ಇಣುಕಿ ನೋಡಿಲ್ಲ. ಅಂಗಡಿಯವರು ಏನೋ ತರುವವರಂತೆ ಒಳಗೆ ಹೋದರು.

ಮನೆಗೆ ಬಂದ ಮೇಲೆ, ಅದೇ ಬಾಗಿಲ ಮುಂದೆ ನಾನೇ ಇಟ್ಟಿದ್ದ ಇಲಿಬೋನು ಕಣ್ಣಿಗೆ ಬಿತ್ತು. ಕೇಳಿದರೆ, ಹೆಂಡತಿ ದಿನಾ ಅದನ್ನು ಸರಿಸಿ, ಮುದ್ದೆ ತಿರುವಿ, ನಾನು ಊಟಕ್ಕೆ ಕೂರುವ ಮೊದಲು ವಾಪಸ್ ಇಡುತ್ತಿದ್ದಳಂತೆ. ಒಳಗಿನ ಕೊಬ್ಬರಿ ಚೂರನ್ನೂ ಆಗಾಗ ಬದಲಿಸುತ್ತಿದ್ದಳಂತೆ, ನನಗೆ ಬೇಜಾರಾಗಬಾರದು ಅಂತ.