ಖಡಿ ಹಾದಿಯ ಸಪ್ಪಳ

ನಿಂಬರ್ಗಾದ ಲಾಡ್ಲೆಸಾಬನಿಗೆ ಬರುತ್ತಿದ್ದ ಕೆಲಸ ಎರಡೇ. ದ್ರಾಕ್ಷಿ ಬಳ್ಳಿ ಸವರುವುದು, ಸೈಕಲ್ ತುಳಿಯುವುದು. ಎರಡರಲ್ಲೂ ತನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಕೇಳಿದವರು ಹೌದೆನ್ನುತ್ತಿದ್ದರು. ಇಲ್ಲವೆಂದರೆ ಅದೇ ಮಾತನ್ನು ಇನ್ನೊಂದು ತಾಸು ಕೇಳಬೇಕಾಗುತ್ತಿತ್ತು.

ಅವನು ದುಡಿಯುತ್ತಿದ್ದದ್ದು ದೊಡ್ಡಪ್ಪ ಸಾಹುಕಾರರ ತೋಟದಲ್ಲಿ. ಅದು ಗುಡ್ಡದ ಆಚೆ ಮಗ್ಗುಲಿಗಿತ್ತು. ಅರ್ಧ ತೋಟದ ಹಣ್ಣು ಒಣದ್ರಾಕ್ಷಿಗೆ ಹೋದರೆ, ಇನ್ನರ್ಧದ ಕಪ್ಪು ಹಣ್ಣು ವೈನ್ ಮಾಡುವವರ ಲಾರಿ ಹತ್ತುತ್ತಿತ್ತು. ಜನ್ಮದಲ್ಲಿ ಒಂದು ಹನಿ ಕುಡಿಯದ ಲಾಡ್ಲೆಸಾಬ ಸವರಿದ ಬಳ್ಳಿಯ ರಸ ಯಾವ ಊರಿನಲ್ಲಿ ಯಾರ ತಲೆ ತಿರುಗಿಸಿತೋ, ದೇವರೇ ಬಲ್ಲ.

ಸವರುವ ಕೆಲಸ ಒಬ್ಬರದಲ್ಲ, ಜೋಡಿಯದು. ಮುಂದಿನವರು ಕತ್ತರಿ ಹಾಕುತ್ತ ಹೋಗಬೇಕು. ಕಡ್ಡಿಯ ಮೊಗ್ಗು ಒಡೆಯಲೆಂದು ಹಿಂದಿನವರು ಅದಕ್ಕೆ ಪೇಸ್ಟ್ ಹಚ್ಚುತ್ತ ಬರಬೇಕು. ಮೂವತ್ತು ವರ್ಷ ಲಾಡ್ಲೆಸಾಬನ ಹಿಂದೆ ಪೇಸ್ಟ್ ಹಚ್ಚುತ್ತ ಬಂದವಳು ಅವನ ಹೆಂಡತಿ ಗೌಸಿಯಾಬೇಗಂ. ಮನೆಯಲ್ಲಿ ಉರ್ದು, ತೋಟದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಆಡುವ ಹೆಣ್ಣುಮಗಳು. ತೋಟಕ್ಕೆ ಬರುವಾಗಲೂ ಅವಳ ಜಾಗ ಹಿಂದೆಯೇ, ಸೈಕಲ್ಲಿನ ಕ್ಯಾರಿಯರ್ ಮೇಲೆ. ಸೈಕಲ್ಲನ್ನು ಮದುವೆಯಲ್ಲಿ ಕೊಟ್ಟವನು ಅವಳ ಅಪ್ಪ. ಆದ್ದರಿಂದ ಗಂಡ ಸ್ವಲ್ಪ ಜಂಬ ಮಾಡಿದರೆ, "ಗಾಡಿ ನಮ್ಮಪ್ಪಂದು, ನೀವು ಡ್ರೈವರ್ ಅಷ್ಟೇ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹಳೆಯ ಸೀರೆಗಳಿಂದ ಅಂಗೈಯಗಲದ ಕೌದಿ ಹೊಲಿದು ಕ್ಯಾರಿಯರ್‌ಗೆ ಕಟ್ಟಿದ್ದಳು, ಕೂರಲು ಮೆತ್ತಗಿರಲಿ ಎಂದು.

ಗುಡ್ಡ ದಾಟುವುದಕ್ಕೆ ಅವರದೊಂದು ರೂಢಿ ಇತ್ತು. ಏರಿನ ಬುಡದಲ್ಲಿ ಅವಳು ಇಳಿಯುತ್ತಾಳೆ, ಇಬ್ಬರೂ ನಡೆದು ಏರುತ್ತಾರೆ. ಮೇಲೊಂದು ಚಪ್ಪಟೆ ಕಲ್ಲಿದೆ. ಅಲ್ಲಿಂದ ಅವನು ಸೈಕಲ್ ಹತ್ತಿ ಮೆಲ್ಲಗೆ ಬಿಡುತ್ತಾನೆ, ಅವಳು ಹಿಂದೆ ನಾಲ್ಕು ಹೆಜ್ಜೆ ಓಡಿ ಟಣ್ಣನೆ ಹಾರಿ ಕೂರುತ್ತಾಳೆ. ಕೂತ ಮೇಲೆ ಅವನ ಬೆನ್ನಿಗೆ ಎರಡು ಸಲ ತಟ್ಟುತ್ತಾಳೆ. ತಟ್ಟಿದ ಮೇಲೆಯೇ ಅವನು ಬ್ರೇಕ್ ಪೂರ್ತಿ ಬಿಡುವುದು. ಜಗಳವಾಡಿದ ದಿನ ಮಾತ್ರ ತಟ್ಟುತ್ತಿರಲಿಲ್ಲ, ಸುಮ್ಮನೆ ಹತ್ತಿ ಮುಖ ತಿರುಗಿಸಿ ಕೂರುತ್ತಿದ್ದಳು. ಹಾಗಾಗಿ ತಟ್ಟದಿದ್ದರೂ ಅವನಿಗೆ ಅರ್ಥವಾಗುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡಸು ಕಲಿಯುವುದು ಇಂಥವೇ ನಾಲ್ಕು ವಿಷಯ.

ಹೋದ ವರ್ಷ ಅಕ್ಟೋಬರ್‌ನಲ್ಲಿ ಬಳ್ಳಿ ಸವರುವ ಕೆಲಸ ಜೋರಾಗಿ ನಡೆದಿತ್ತು. ಒಂದು ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ, ಬಿಸಿಲಿಗೆ ನಿಲ್ಲಿಸಿದ್ದ ಸೈಕಲ್ಲಿನ ಹಿಂದಿನ ಟೈರ್ ಢಬ್ ಎಂದು ಒಡೆಯಿತು. ಎಲ್ಲರೂ ಬೆಚ್ಚಿದರು. ಲಾಡ್ಲೆಸಾಬನಿಗೆ ನಾಲಿಗೆ ತುರಿಸಿತು.

"ಅದರದೇನ್ ತಪ್ಪ ಅದರಿ? ಈಕಿನ್ನ ಹೊತ್ತು ಹೊತ್ತು ಅದರ ಎದಿ ಒಡದದ," ಎಂದ.

ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ಗೌಸಿಯಾಳೂ ನಕ್ಕಳು. ಆದರೆ ಆ ವರ್ಷ ಅವಳ ಕಾಲು ಬಾತುಕೊಳ್ಳುತ್ತಿದ್ದವು, ಏರಿನಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಅದನ್ನು ಅವನು ನೋಡಿದ್ದ, ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆ ಟೈರ್ ಹಾಕಿಸಿ ಮನೆಗೆ ಹೋಗುವಾಗ ಬೆನ್ನಿಗೆ ತಟ್ಟು ಬೀಳಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಂಡು ಮಲಗಿ ಎದ್ದರೂ ಅವಳು ಮಾತಾಡಲಿಲ್ಲ.

ಬೆಳಿಗ್ಗೆ ಹಾಗೆಯೇ ಹೊರಟರು. ಏರಿನಲ್ಲಿ ಅವನು ಮುಂದೆ, ಅವಳು ಹಿಂದೆ. ಮೇಲೆ ಬಂದಾಗ ನೋಡಿದರೆ ರಾತ್ರೋರಾತ್ರಿ ಯಾರೋ ಆಚೆಯ ಇಳಿಜಾರಿಗೆ ಜಲ್ಲಿಕಲ್ಲಿನ ಖಡಿ ಸುರಿದು ಹರಡಿದ್ದರು. ಡಾಂಬರು ಹಾಕುತ್ತಾರಂತೆ. (ಡಾಂಬರು ಇಂದಿಗೂ ಬಂದಿಲ್ಲ, ಖಡಿ ಹಾಗೆಯೇ ಇದೆ.) ಅವನು ಸೈಕಲ್ ಹತ್ತಿ ಮೆಲ್ಲಗೆ ಬಿಟ್ಟ. ಮುರುಮು ಮಣ್ಣು ಮುಗಿದು ಖಡಿ ಶುರುವಾಗುವ ಕಡೆ ಹಿಂದಿನ ಗಾಲಿ ದಡಕ್ಕೆಂದಿತು. ಹೆಂಡತಿ ಹಾರಿ ಕೂತಳು ಎಂದುಕೊಂಡ. ತಟ್ಟಲಿಲ್ಲ, ಇನ್ನೂ ಸಿಟ್ಟಿನಲ್ಲಿದ್ದಾಳೆ ಎಂದು ಬ್ರೇಕ್ ಬಿಟ್ಟ.

ಆ ಕಲ್ಲುಗಳ ಮೇಲೆ ಸೈಕಲ್ ಗಡಗಡ ಎನ್ನುತ್ತ ಓಡಿತು. ಹ್ಯಾಂಡಲ್ ಹಿಡಿಯುವುದೇ ಕಷ್ಟ, ಹೊರಳಿ ನೋಡುವ ಮಾತೆಲ್ಲಿ. ಆದರೂ ಅವನಿಗೆ ಅದೇ ಒಳ್ಳೆಯ ಸಮಯ ಅನ್ನಿಸಿತು. ಮುಖ ಕೊಟ್ಟು ತಪ್ಪೊಪ್ಪಿಕೊಳ್ಳುವ ಗಂಡಸಲ್ಲ ಅವನು.

"ಗೌಸಿಯಾ, ನಿನ್ನಿ ಅಂದದ್ದು ಬಾಯಿ ತಪ್ಪಿ ಅಂದೇನಿ ಬೇ," ಎಂದ ಗಟ್ಟಿಯಾಗಿ. "ನೀ ಹಿಂದ ಕುಂತರೇ ಈ ಸೈಕಲ್ ನೆಟ್ಟಗ ಹೋಗ್ತದ. ಮಾಫ್ ಮಾಡು."

ಬದುಕಿನಲ್ಲಿ ಮೊದಲ ಸಲ ಆಡಿದ ಮಾತು ಅದು. ತೋಟದ ಬಾಗಿಲಲ್ಲಿ ಇಳಿದು, ನಾಚಿಕೊಂಡೇ ಹಿಂದಕ್ಕೆ ಹೊರಳಿದ. ಕ್ಯಾರಿಯರ್ ಮೇಲೆ ಕೌದಿ ಮಾತ್ರ ಇತ್ತು.

ಅವನಿಗೆ ನಗು ಬಂತು. ಸಿಟ್ಟಿನ ಹೆಣ್ಣು, ಬೇಕಂತಲೇ ಹತ್ತದೆ ನಡೆದು ಬರುತ್ತಿದ್ದಾಳೆ ಎಂದುಕೊಂಡ. "ಗೌಸಿಯಕ್ಕ ಎಲ್ಲ್ಯದಾಳ್ರಿ?" ಎಂದು ಜೊತೆಯ ಆಳು ಹಣಮವ್ವ ಕೇಳಿದಳು. "ಬರ್ತಾಳ ಬಿಡು," ಎಂದು ಕತ್ತರಿ ಹಿಡಿದ. ಒಂದೂವರೆ ಸಾಲು ಸವರಿದ. ಪೇಸ್ಟ್ ಹಚ್ಚುವವರಿಲ್ಲದೆ ಸಾಲು ಹಾಗೆಯೇ ನಿಂತಿತು. ಆಗ ಹಾಲು ಹಾಕುವ ಚಂದ್ರಾಮ ಮೋಟರ್ ಸೈಕಲ್ ಬಿಟ್ಟು ಓಡಿ ಬಂದ.

ಅವಳು ಗುಡ್ಡದ ಮೇಲಿನ ಚಪ್ಪಟೆ ಕಲ್ಲಿನ ಮೇಲೆ ಕೂತೇ ಇದ್ದಳು. ಬುತ್ತಿಯ ಗಂಟು ಮಡಿಲಲ್ಲಿತ್ತು. ಎದೆ ನಿಂತು ತಾಸಾಗಿದೆ ಎಂದರು ಡಾಕ್ಟರು.

ಮಣ್ಣು ಮಾಡಿ ಬಂದ ಮೇಲೆ ಲಾಡ್ಲೆಸಾಬ ಅನ್ನ ಮುಟ್ಟಲಿಲ್ಲ. ಅವನಿಗೆ ಒಂದೇ ಪ್ರಶ್ನೆ. ಎಷ್ಟು ಹೊತ್ತು ಒದ್ದಾಡಿದಳೋ, ನನ್ನನ್ನು ಕರೆದಳೋ ಏನೋ. ಓಣಿಯ ಹಿರಿಯ ರಸೂಲಚಾಚಾ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡ.

"ಕರದಿದ್ರ ನಿನಗ ಕೇಳತಿದ್ದಿಲ್ಲೇನೋ? ನೀ ಅಲ್ಲೇ ಮಗ್ಗಲಾಗಿದ್ದಿ. ಕರದಿಲ್ಲ ಅಂದ್ರ ಆಕಿಗೆ ತ್ರಾಸ ಆಗಿಲ್ಲ. ಕುಂತಲ್ಲೇ ಹೋಗ್ಯಾಳ."

ಆ ಮಾತು ಅವನಿಗೆ ಊರುಗೋಲಾಯಿತು. ಕೇಳಿಸಲಿಲ್ಲ, ಅಂದರೆ ಕರೆದಿಲ್ಲ. ಕರೆದಿಲ್ಲ, ಅಂದರೆ ನೋವಾಗಿಲ್ಲ. ದಿನಾ ಗುಡ್ಡ ಹತ್ತುವಾಗ ಇದನ್ನೇ ಹೇಳಿಕೊಳ್ಳುತ್ತಿದ್ದ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ಮಗ ಮಸೂದ, "ಅಬ್ಬಾ, ಇನ್ನ ಸೈಕಲ್ ಬಿಡ್ರಿ," ಎಂದರೂ ಕೇಳಲಿಲ್ಲ. ಆದರೆ ಹಿಂದೆ ಭಾರವಿಲ್ಲದ ಸೈಕಲ್ ಖಡಿಯ ಮೇಲೆ ನಿಲ್ಲುತ್ತಿರಲಿಲ್ಲ, ಹಿಂದಿನ ಗಾಲಿ ಜಾರಿ ಎರಡು ಸಲ ಬಿದ್ದ. ಕೊನೆಗೆ ಒಂದು ಚೀಲಕ್ಕೆ ಖಡಿ ತುಂಬಿ ಕೌದಿಯ ಮೇಲೆ ಕಟ್ಟಿಕೊಂಡ. ಹೆಂಡತಿ ಭಾರವೆಂದು ನಗಾಡಿದವನು ಈಗ ಕೈಯಾರೆ ಕಲ್ಲು ಹೊತ್ತು ತಿರುಗುತ್ತಿದ್ದ. ನೋಡಿದ ಯಾರೂ ನಗಲಿಲ್ಲ.

ಈ ಜನವರಿಯಲ್ಲಿ ಕಪ್ಪು ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ, ಒಂದು ಭಾನುವಾರ ಬೆಳಿಗ್ಗೆ ಕಲಬುರಗಿಯಿಂದ ಸೈಕಲ್ ಮಂದಿ ಬಂದರು. ದಪ್ಪ ಟೈರು, ತಲೆಗೆ ಟೋಪಿ. ಡಾಂಬರಿಲ್ಲದ ರಸ್ತೆಯೇ ಬೇಕಂತೆ ಇವರಿಗೆ! ನಾವು ಬೇಡಿ ಬೇಡಿ ಸಾಕಾದ ರಸ್ತೆಯ ಮೇಲೆ ಇವರು ಖುಷಿಗೆ ಬಂದು ಓಡಾಡುತ್ತಾರೆ. ಗುಂಪು ಮುಂದೆ ಹೋಯಿತು. ಹಿಂದುಳಿದಿದ್ದ ಒಬ್ಬ ಮಾತ್ರ ಇಳಿಜಾರು ಮುಗಿಸಿ ತೋಟದ ಬಾಗಿಲಲ್ಲಿ ನಿಂತು ನೀರು ಕುಡಿದ. ಹೆಸರು ಪರಮೇಶ ಎಂದ, ಹೆಂಡತಿ ಸಪ್ನಾಳ ಜೊತೆ ಬಂದೆ ಎಂದ.

"ಅವರೆಲ್ಲ್ಯದಾರ್ರಿ?" ಎಂದ ಲಾಡ್ಲೆಸಾಬ.

ಪರಮೇಶ ಹಿಂದಕ್ಕೆ ನೋಡಿದ. ಹಾದಿ ಖಾಲಿ ಇತ್ತು. "ಹಿಂದೇ ಇದ್ಲು. ಬರ್ತಾಳ ಬಿಡ್ರಿ," ಎಂದು ನಕ್ಕ.

ಲಾಡ್ಲೆಸಾಬನ ಕೈಯಿಂದ ಕತ್ತರಿ ಬಿತ್ತು. "ಹೊಳ್ಳಿ ಹೋಗ್ರಿ! ಹಂಗ ಅನಬ್ಯಾಡ್ರಿ, ಹೋಗ್ರಿ!" ಎಂದು ಕೂಗಿದವನು ಅವನ ಉತ್ತರಕ್ಕೂ ನಿಲ್ಲದೆ, ಅರವತ್ತರ ವಯಸ್ಸಿನಲ್ಲಿ, ಏರಿಗೆ ಓಡಿದ. ಕಲ್ಲಿನ ಮೇಲೆ ಕೂತಿರುತ್ತಾಳೆ, ಕೂತೇ ಇರುತ್ತಾಳೆ ಎಂದು ಮನಸ್ಸು ಒಂದೇ ಸಮ ಹೇಳುತ್ತಿತ್ತು.

ಮುಕ್ಕಾಲು ಏರು ಮುಗಿಯುವಷ್ಟರಲ್ಲಿ ಹುಡುಗಿ ಎದುರಾದಳು. ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು, ಗಂಡನನ್ನು ಬೈಯುತ್ತ, ಗಟ್ಟಿಮುಟ್ಟಾಗಿ ನಡೆದು ಬರುತ್ತಿದ್ದಳು. ಲಾಡ್ಲೆಸಾಬ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

"ಯಾಕ್ರಿ ಕಾಕಾ, ಏನಾತ್ರಿ?"

"ಏನಿಲ್ಲವ್ವ. ನೀ ಬಂದ್ಯಲ್ಲ, ಸಾಕು."

ಅವಳು ತನ್ನ ಬಾಟಲಿಯ ನೀರು ಕೊಟ್ಟಳು. ಅವನು ಕುಡಿಯುವಾಗ, ಮಾತಿಗೆಂದು ಹೇಳಿದಳು: "ಮ್ಯಾಲ ಆ ಚಪ್ಪಟ ಕಲ್ಲಿನ ಹಂತೇಕ ಪಂಕ್ಚರ್ ಆತ್ರಿ. ನಾಕ್ ಸಲ ಒದರಿದೆ, ಈ ಮನಷ್ಯಾ ಹೊಳ್ಳಿ ಸೈತ ನೋಡಲಿಲ್ಲ."

"ಭಾಳ ದೂರ ಹೋಗಿದ್ರೇನವ್ವ?"

"ಎಲ್ಲೀದ್ರಿ, ಇಲ್ಲೇ ಹತ್ತ್ ಮಾರು. ಖಡಿ ಮ್ಯಾಲ ಸೈಕಲ್ ಹೊಂಟ್ರ ಅದರ ಸಪ್ಪಳದಾಗ ಹಿಂದಿಂದು ಏನೂ ಕೇಳಂಗಿಲ್ಲರಿ ಕಾಕಾ."

ಲಾಡ್ಲೆಸಾಬ ಹೊರಳಿ ಮೇಲಿನ ಚಪ್ಪಟೆ ಕಲ್ಲಿನ ಕಡೆ ನೋಡಿದ. ಆಮೇಲೆ ಬಾಟಲಿಗೆ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟ. ಗಂಡ ಹೆಂಡತಿ ತೋಟದಲ್ಲಿ ಪಂಕ್ಚರ್ ತಿದ್ದಿಕೊಂಡು, ಜಗಳವಾಡುತ್ತ, ನಗುತ್ತ ಹೋದರು. ಅವನು ಸಾಲಿಗೆ ಮರಳಲಿಲ್ಲ.

ಅಂದಿನಿಂದ ಅವನು ಆ ಇಳಿಜಾರಿನಲ್ಲಿ ಸೈಕಲ್ ಹತ್ತಿಲ್ಲ. ಖಡಿಯ ಚೀಲ ಬಿಚ್ಚಿ ಹಾಕಿದ್ದಾನೆ, ಕೌದಿ ಮಾತ್ರ ಇದೆ. ಚಪ್ಪಟೆ ಕಲ್ಲು ದಾಟಿದ ಮೇಲೆ ಸೈಕಲ್ಲನ್ನು ಕೈಯಲ್ಲಿ ಹಿಡಿದು, ಖಡಿ ಬಿಟ್ಟು ಅಂಚಿನ ಮಣ್ಣಿನ ಮೇಲೆ, ಸಪ್ಪಳವಾಗದ ಹಾಗೆ ನಡೆದು ಇಳಿಯುತ್ತಾನೆ. ಹಿಂದಿನಿಂದ ಯಾರಾದರೂ ಕರೆದರೆ ಕೇಳಬೇಕಲ್ಲ.